ದೋಣಿಯ ಡೀಸೆಲ್ ಕ್ಯಾನುಗಳ ಶುಚಿತ್ವ: ತೆರಿಗೆ ವಿನಾಯಿತಿಯ ಆಚೆಗಿನ ಒಂದು ಪರಾಮರ್ಶೆ

ಬೆಂಗಳೂರು ದಕ್ಷಿಣ ಭಾಗದ ಯಡಿಯೂರಿನಲ್ಲಿ ಅಪಾರ್ಟ್‌ಮೆಂಟು, ಕಲ್ಯಾಣ ಮಂಟಪ ಹಾಗೂ ಶುಶ್ರೂಷಾಲಯಗಳ ಜನರೇಟರುಗಳಿಗೆ ಕ್ಯಾನುಗಳಲ್ಲಿ ಡೀಸೆಲ್ ತಂದು ಸುರಿಯುವುದು ಸಾಮಾನ್ಯ ದೃಶ್ಯವಾಗಿದೆ. ಅಲ್ಲಿಂದ ಸುಮಾರು 400 ಕಿ.ಮೀ. ದೂರದ ಮಲ್ಪೆ ಬಂದರಿನಲ್ಲಿ ದೋಣಿಗೆ ಏರುವುದೂ ಅದೇ ಬಗೆಯ ಕ್ಯಾನು, ಅದರೊಳಗಿರುವುದೂ ಅದೇ ಡೀಸೆಲ್. ಎರಡೂ ಕಡೆ ಮಾರಾಟವಾಗುವ ತೈಲವು ಭಾರತೀಯ ಮಾನಕ ಬ್ಯೂರೋದ ಐ.ಎಸ್. 1460 ಮಾನಕಕ್ಕೆ ಒಳಪಟ್ಟಿರುತ್ತದೆ. ವ್ಯತ್ಯಾಸವಿರುವುದು ಇಂಜಿನ್ ನಿಂತ ನಂತರದ ಸ್ಥಿತಿಯಲ್ಲಿ. ಯಡಿಯೂರಿನಲ್ಲಿ ಜನರೇಟರ್ ನಿಂತರೆ ಲಿಫ್ಟ್ ನಿಲ್ಲುತ್ತದೆ. ಮೆಕ್ಯಾನಿಕ್ ಬರುವವರೆಗೆ ನಿವಾಸಿಗಳು ಮೆಟ್ಟಿಲು ಹತ್ತಬೇಕಾಗುತ್ತದೆ. ಸಮುದ್ರದಲ್ಲಿ ಇಂಜಿನ್ ನಿಂತ ದೋಣಿಯು ಅಲೆಗೆ ಅಡ್ಡಲಾಗಿ ತಿರುಗುತ್ತದೆ, ಗಾಳಿ ಎಳೆದ ಕಡೆ ಸಾಗುತ್ತದೆ, ಮತ್ತೊಂದು ದೋಣಿ ಬಂದು ಹಗ್ಗ ಕಟ್ಟುವವರೆಗೆ ಅದರಲ್ಲಿರುವವರ ಪ್ರಾಣ ಹವಾಮಾನದ ಕೈಯಲ್ಲಿರುತ್ತದೆ.

ಇಂಜಿನ್ ಕೈಕೊಡಲು ಕಾರಣಗಳು ಹಲವು. ಅವುಗಳಲ್ಲಿ ಅತಿ ಕಡಿಮೆ ವೆಚ್ಚದಲ್ಲಿ ತಡೆಯಬಹುದಾದದ್ದು ಕೊಳೆಯಾದ ಇಂಧನ. ಸಣ್ಣ ದೋಣಿಗಳಲ್ಲಿ ಇಂಧನವು ಕೊಳೆಯಾಗುವ ಜಾಗ ಹೆಚ್ಚಾಗಿ ಕ್ಯಾನು. ದೀರ್ಘಾವಧಿಗೆ ಆಳ ಸಮುದ್ರಕ್ಕೆ ತೆರಳುವ ಟ್ರಾಲ್ ದೋಣಿಗಳಿಗೆ ಸ್ಥಿರವಾದ ದೊಡ್ಡ ಟ್ಯಾಂಕು ಇರುತ್ತದೆ. ಬೆಳಗ್ಗೆ ಹೋಗಿ ಸಂಜೆ ಮರಳುವ ಸಣ್ಣ ದೋಣಿಗಳಲ್ಲಿ ಹಾಗೂ ಯಂತ್ರ ಅಳವಡಿಸಿದ ನಾಡದೋಣಿಗಳಲ್ಲಿ 20 ಅಥವಾ 35 ಲೀಟರಿನ ಕ್ಯಾನೇ ಸಂಗ್ರಹಾಗಾರ. ದೊಡ್ಡ ದೋಣಿಗಳಲ್ಲಿಯೂ ಆಪತ್ಕಾಲಕ್ಕೆಂದು ಇಡುವ ಮೀಸಲು ತೈಲ ಕ್ಯಾನಿನಲ್ಲೇ ಇರುತ್ತದೆ. ಅತ್ಯಂತ ಅಗತ್ಯದ ಗಳಿಗೆಗೆ ಇಟ್ಟ ತೈಲವೇ ಅತ್ಯಂತ ದೀರ್ಘಕಾಲ ಯಾರೂ ನೋಡದೆ ಉಳಿದ ತೈಲವೂ ಆಗಿರುತ್ತದೆ ಎಂಬುದು ಇಲ್ಲಿನ ಮುಖ್ಯ ತೊಡಕು.

ವಿನಾಯಿತಿಯ ಲೆಕ್ಕ ಮತ್ತು ಕ್ಯಾನಿನ ತಳದ ಲೆಕ್ಕ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಯಾಂತ್ರೀಕೃತ ಮೀನುಗಾರಿಕೆಯಲ್ಲಿ ಡೀಸೆಲ್ ಅತಿ ದೊಡ್ಡ ಖರ್ಚಿನ ಬಾಬತ್ತುಗಳಲ್ಲೊಂದು. ಈ ಕಾರಣದಿಂದಲೇ ರಾಜ್ಯ ಸರ್ಕಾರವು ಮೀನುಗಾರಿಕೆ ದೋಣಿಗಳು ಬಳಸುವ ಡೀಸೆಲ್ ಮೇಲಿನ ಮಾರಾಟ ತೆರಿಗೆಗೆ ವಿನಾಯಿತಿ ನೀಡುತ್ತಾ ಬಂದಿದೆ. 2023ರ ಜುಲೈ ತಿಂಗಳಲ್ಲಿ ಮಂಡಿಸಲಾದ 2023–24ನೇ ಸಾಲಿನ ಆಯವ್ಯಯದಲ್ಲಿ ಈ ವಿನಾಯಿತಿಯ ಪ್ರಮಾಣವನ್ನು 1.5 ಲಕ್ಷ ಕಿಲೋಲೀಟರಿನಿಂದ 2 ಲಕ್ಷ ಕಿಲೋಲೀಟರಿಗೆ ಹೆಚ್ಚಿಸುವುದಾಗಿ ಹಾಗೂ ಇದರಿಂದ ಮೀನುಗಾರರಿಗೆ 250 ಕೋಟಿ ರೂಪಾಯಿಗಳ ನೆರವು ದೊರೆಯುವುದಾಗಿ ಘೋಷಿಸಲಾಯಿತು. ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಒಮ್ಮೆ ಹಾಗೂ 2025ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಶೇ. 21.17ಕ್ಕೆ ಮತ್ತೊಮ್ಮೆ ಏರಿಸಲಾದುದರಿಂದ ವಿನಾಯಿತಿಯ ಮೌಲ್ಯವು ದೋಣಿ ಮಾಲೀಕರಿಗೆ ಇನ್ನಷ್ಟು ಹೆಚ್ಚಾಯಿತು.

ಈ ಅಂಕಿಗಳನ್ನು ಒಂದು ಕ್ಯಾನಿನ ಮಟ್ಟಕ್ಕೆ ಇಳಿಸಿ ನೋಡಬಹುದು. 2 ಲಕ್ಷ ಕಿಲೋಲೀಟರ್ ಎಂದರೆ 20 ಕೋಟಿ ಲೀಟರ್. 250 ಕೋಟಿ ರೂಪಾಯಿಗಳನ್ನು ಇದಕ್ಕೆ ಹಂಚಿದರೆ 2023ರ ಘೋಷಣೆಯ ಪ್ರಕಾರ ಸರಾಸರಿ ಲೀಟರಿಗೆ ರೂ. 12.50, ಅಂದರೆ 35 ಲೀಟರಿನ ಒಂದು ಕ್ಯಾನಿಗೆ ರೂ. 437.50 ನೆರವು. ಈಗ ಅದೇ ಕ್ಯಾನಿನ ತಳದಲ್ಲಿ ನೀರು, ಕೆಸರು ಸೇರಿ ಎರಡು ಲೀಟರ್ ಡೀಸೆಲ್ ಉಪಯೋಗಕ್ಕೆ ಬಾರದಾಯಿತು ಎಂದಿಟ್ಟುಕೊಳ್ಳೋಣ. ಲೀಟರಿಗೆ 90 ರೂಪಾಯಿಯಂತೆ ಲೆಕ್ಕ ಹಾಕಿದರೆ ನಷ್ಟ ರೂ. 180. ಸರ್ಕಾರ ಬಿಟ್ಟುಕೊಟ್ಟ ತೆರಿಗೆಯ ಶೇಕಡ 40ಕ್ಕೂ ಹೆಚ್ಚಿನ ಭಾಗವು ಕ್ಯಾನಿನ ತಳದಲ್ಲೇ ಉಳಿದಂತಾಯಿತು. ಆ ಎರಡು ಲೀಟರನ್ನು ಚೆಲ್ಲಲು ಮನಸ್ಸಾಗದೆ ಇಂಜಿನ್ನಿಗೇ ಸುರಿದರೆ ನಷ್ಟದ ಲೆಕ್ಕ ರೂಪಾಯಿಗಳಲ್ಲಿ ನೂರರಿಂದ ಸಾವಿರಗಳಿಗೆ ಜಿಗಿಯುತ್ತದೆ. ಇಂಜೆಕ್ಟರ್ ಮತ್ತು ಇಂಧನ ಪಂಪಿನ ದುರಸ್ತಿಗೆ ಯಾವ ವಿನಾಯಿತಿಯೂ ಇಲ್ಲ.

ಅದೇ ಆಯವ್ಯಯದಲ್ಲಿ ನಾಡದೋಣಿಗಳ ಸೀಮೆಎಣ್ಣೆ ಇಂಜಿನ್‌ಗಳನ್ನು ಪೆಟ್ರೋಲ್ ಅಥವಾ ಡೀಸೆಲ್ ಇಂಜಿನ್‌ಗಳಿಗೆ ಬದಲಾಯಿಸಿಕೊಳ್ಳಲು ತಲಾ 50,000 ರೂಪಾಯಿಗಳ ಸಹಾಯಧನವನ್ನೂ ಘೋಷಿಸಲಾಗಿತ್ತು. ಈ ಕ್ರಮ ಸ್ವಾಗತಾರ್ಹವಾದುದು. ಆದರೆ ಇಂಜಿನ್ ಬದಲಾದ ಮನೆಯಲ್ಲಿ ಕ್ಯಾನು ಬದಲಾಗುವುದು ಅಪರೂಪ. ವರ್ಷಗಟ್ಟಲೆ ಸೀಮೆಎಣ್ಣೆ ತುಂಬಿದ ಹಳೆಯ ಕ್ಯಾನಿಗೇ ಹೊಸ ಇಂಜಿನ್ನಿನ ಇಂಧನ ಬೀಳುತ್ತದೆ. ನೆರವು ಲೀಟರಿನ ಮೇಲೆ, ಸಹಾಯಧನ ಯಂತ್ರದ ಮೇಲೆ; ಇವೆರಡರ ನಡುವೆ ಇರುವ ಕೆಲವು ನೂರು ರೂಪಾಯಿ ಬೆಲೆಯ ಪ್ಲಾಸ್ಟಿಕ್ ಪಾತ್ರೆಯು ಯಾವ ಶೀರ್ಷಿಕೆಯ ಅಡಿಯಲ್ಲಿಯೂ ಬರುವುದಿಲ್ಲ.

ಮಾನಕ ಹೇಳುವ ಮಿತಿ ಎಷ್ಟು

ಭಾರತ್ ಸ್ಟೇಜ್–6 ಮಾದರಿಯ ಡೀಸೆಲ್ ದೇಶಾದ್ಯಂತ ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಂದು. ಇದರಲ್ಲಿ ಗಂಧಕದ ಪ್ರಮಾಣ ಪ್ರತಿ ಕಿಲೋಗ್ರಾಂಗೆ 10 ಮಿಲಿಗ್ರಾಂ ಮೀರುವಂತಿಲ್ಲ. ಹಿಂದಿನ ಹಂತದಲ್ಲಿ ಈ ಮಿತಿ 50 ಇತ್ತು. ಗಂಧಕದ ವಿಷಯ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ಅದೇ ಮಾನಕದಲ್ಲಿರುವ ಇನ್ನೆರಡು ಮಿತಿಗಳು ಚರ್ಚೆಯಾದದ್ದು ಕಡಿಮೆ: ನೀರಿನ ಅಂಶ ಪ್ರತಿ ಕಿಲೋಗ್ರಾಂಗೆ 200 ಮಿಲಿಗ್ರಾಂ ಮೀರಬಾರದು ಮತ್ತು ಘನ ಕಲ್ಮಶ 24 ಮಿಲಿಗ್ರಾಂ ಮೀರಬಾರದು.

35 ಲೀಟರ್ ಡೀಸೆಲ್‌ನ ತೂಕ ಸುಮಾರು 29 ಕಿಲೋಗ್ರಾಂ. ಮೇಲ್ಕಂಡ ಮಿತಿಯಂತೆ ಅದರಲ್ಲಿ ಇರಬಹುದಾದ ಗರಿಷ್ಠ ನೀರು ಸುಮಾರು 6 ಮಿಲಿಲೀಟರ್, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು. ಘನ ಕಲ್ಮಶವಾದರೆ ಮುಕ್ಕಾಲು ಗ್ರಾಂಗೂ ಕಡಿಮೆ, ಒಂದು ಸಣ್ಣ ಚಿಟಿಕೆ. ಕ್ಯಾನಿನ ತಳದಲ್ಲಿ ಬೈಟು ಕಾಫಿಯಷ್ಟು, ಎಂದರೆ ಸುಮಾರು 60 ಮಿಲಿಲೀಟರ್ ನೀರು ಉಳಿದಿದ್ದರೆ ತೈಲ ಕಂಪನಿಯು ಪಾಲಿಸಬೇಕಾದ ಮಿತಿಯ ಹತ್ತು ಪಟ್ಟು ನೀರನ್ನು ಬಳಕೆದಾರರೇ ಸೇರಿಸಿದಂತಾಯಿತು. ಶುದ್ಧೀಕರಣಾಗಾರದಿಂದ ಬಂಕಿನ ನಳಿಕೆಯವರೆಗೆ ಹಲವು ಹಂತಗಳಲ್ಲಿ ಪರೀಕ್ಷೆಗೆ ಒಳಪಡುವ ಇಂಧನವು ಕೊನೆಯ ಕೆಲವು ಮೀಟರುಗಳಲ್ಲಿ ಯಾವ ಪರೀಕ್ಷೆಯೂ ಇಲ್ಲದೆ ಸಾಗುತ್ತದೆ.

ಹೊಸ ಡೀಸೆಲ್ ಹೊಗೆಯ ದೃಷ್ಟಿಯಿಂದ ಶುದ್ಧ. ಸಂಗ್ರಹದ ದೃಷ್ಟಿಯಿಂದ ಹಳೆಯದಕ್ಕಿಂತ ಸೂಕ್ಷ್ಮ ಎಂದು ಪರಿಗಣಿಸುವುದು ಸುರಕ್ಷಿತ. ಗಂಧಕವು ಸೂಕ್ಷ್ಮಜೀವಿಗಳ ಬೆಳವಣಿಗೆಗೆ ಪ್ರತಿಕೂಲವಾಗಿತ್ತು ಎಂಬ ಅಭಿಪ್ರಾಯವು ತಜ್ಞರಲ್ಲಿದೆ. ಇದಲ್ಲದೆ ಸದರಿ ಮಾನಕವು ಡೀಸೆಲ್‌ನಲ್ಲಿ ಶೇ. 7ರವರೆಗೆ ಜೈವಿಕ ಡೀಸೆಲ್ ಮಿಶ್ರಣಕ್ಕೆ ಅವಕಾಶ ನೀಡುತ್ತದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ 2030ರ ವೇಳೆಗೆ ಶೇ. 5ರ ಮಿಶ್ರಣದ ಗುರಿಯನ್ನು ಸೂಚಿಸಲಾಗಿದೆ. ಜೈವಿಕ ಡೀಸೆಲ್ ಸಾಮಾನ್ಯ ಡೀಸೆಲ್‌ಗಿಂತ ಹೆಚ್ಚು ನೀರನ್ನು ಹೀರಿಕೊಳ್ಳುತ್ತದೆ ಮತ್ತು ಸೂಕ್ಷ್ಮಜೀವಿಗಳಿಗೆ ಸುಲಭವಾದ ಆಹಾರವಾಗುತ್ತದೆ. ಮಿಶ್ರಣದ ಪ್ರಮಾಣ ಹೆಚ್ಚಿದಂತೆ ಒದ್ದೆ ಕ್ಯಾನನ್ನು ಸಹಿಸುವ ಶಕ್ತಿ ಇಂಧನಕ್ಕೆ ಕಡಿಮೆಯಾಗುತ್ತದೆ.

ಕ್ಯಾನಿನ ತಳದಲ್ಲಿ ಕಂಡುಬರುವ ಕಪ್ಪು ಅಥವಾ ಕಂದು ಲೋಳೆಯನ್ನು ಪಾಚಿ ಎಂದು ಭಾವಿಸುವುದುಂಟು. ಪಾಚಿಗೆ ಬೆಳಕು ಬೇಕು, ಇದಕ್ಕೆ ಬೇಡ. ಇದು ಹಾರ್ಮೊಕೋನಿಸ್ ರೆಸಿನೇ ಎಂಬ ಶಿಲೀಂಧ್ರವೂ ಅದರೊಂದಿಗೆ ಬಗೆಬಗೆಯ ಬ್ಯಾಕ್ಟೀರಿಯಾಗಳೂ ಸೇರಿ ಕಟ್ಟಿದ ಪದರ. ಇವು ಬದುಕುವುದು ನೀರಿನಲ್ಲಿ, ತಿನ್ನುವುದು ಡೀಸೆಲ್ಲನ್ನು. ಆದುದರಿಂದ ನೀರು ಮತ್ತು ತೈಲ ಸಂಧಿಸುವ ತೆಳುವಾದ ಗೆರೆಯಲ್ಲಿಯೇ ಬೆಳೆಯುತ್ತವೆ. ದೋಣಿ ನಿಂತಿರುವಾಗ ಈ ಪದರವು ತಳದಲ್ಲಿ ಸದ್ದಿಲ್ಲದೆ ಇರುತ್ತದೆ. ಅಲೆಯ ಹೊಡೆತಕ್ಕೆ ಕ್ಯಾನು ಅಲುಗಿದಾಗ ಚೂರುಚೂರಾಗಿ ಮೇಲೆದ್ದು ಫಿಲ್ಟರಿಗೆ ಬಂದು ಅಂಟುತ್ತದೆ. ಧಕ್ಕೆಯಲ್ಲಿ ಕಟ್ಟಿದಾಗ ಸರಿಯಾಗಿ ಓಡಿದ ಇಂಜಿನ್ ಸಮುದ್ರ ಕೆರಳಿದ ಹೊತ್ತಿನಲ್ಲೇ ನಿಲ್ಲುವುದಕ್ಕೆ ದೈವವನ್ನು ದೂರಬೇಕಾಗಿಲ್ಲ. ಕೊಳೆ ಕದಡುವುದು ಆಗಲೇ.

ತೊಳೆಯುವ ಅಭ್ಯಾಸವೇ ತೊಡಕು

ಇಲ್ಲಿ ಒಂದು ತಿಳಿವಳಿಕೆಯ ಪ್ರಶ್ನೆ ಇದೆ. ನಮ್ಮ ಮನೆಗಳಲ್ಲಿ ಪಾತ್ರೆ ಶುಚಿಯಾಗಿದೆ ಎಂದರೆ ಅದನ್ನು ನೀರಿನಿಂದ ತೊಳೆಯಲಾಗಿದೆ ಎಂದೇ ಅರ್ಥ. ಕೊಡ, ತಂಬಿಗೆ, ಹಾಲಿನ ಕ್ಯಾನು ಎಲ್ಲಕ್ಕೂ ಇದೇ ನಿಯಮ. ಡೀಸೆಲ್ ಕ್ಯಾನಿನ ವಿಷಯದಲ್ಲಿ ಇದು ತಲೆಕೆಳಗಾಗುತ್ತದೆ: ಯಾವ ಕ್ಯಾನಿನ ಒಳಮೈಗೆ ನೀರೇ ಸೋಕಿಲ್ಲವೋ ಅದು ಶುಚಿಯಾದ ಕ್ಯಾನು. ಶ್ರದ್ಧೆಯಿಂದ ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದು, ಬಿಸಿಲಿಗೆ ಅರ್ಧ ಗಂಟೆ ಇಟ್ಟು ತುಂಬಿಸುವ ವ್ಯಕ್ತಿಯು ತೊಳೆಯದೆ ಬಿಟ್ಟ ವ್ಯಕ್ತಿಗಿಂತ ಹೆಚ್ಚಿನ ಹಾನಿ ಮಾಡುವ ಸಂಭವವಿದೆ. ಸೋಪಿನ ಅಂಶ ಒಂದಿಷ್ಟು ಉಳಿದರೂ ಅದು ನೀರನ್ನು ಅತಿ ಸಣ್ಣ ಹನಿಗಳಾಗಿ ತೈಲದಲ್ಲಿ ತೇಲಿಸಿಡುತ್ತದೆ. ಹಾಗೆ ತೇಲುವ ನೀರು ತಳಕ್ಕೆ ಇಳಿಯುವುದಿಲ್ಲ. ನೀರು ಬೇರ್ಪಡಿಸಲೆಂದೇ ಇಂಜಿನ್ನಿಗೆ ಅಳವಡಿಸಿದ ಸಾಧನವೂ ಅದನ್ನು ಹಿಡಿಯಲಾರದು. ಡೀಸೆಲ್ ಮಸುಕಾಗಿ, ತಿಳಿ ಮಜ್ಜಿಗೆಯ ಛಾಯೆಗೆ ತಿರುಗಿದ್ದರೆ ಕಾರಣ ಇದೇ ಇರಬಹುದು.

ಆದುದರಿಂದ ಡೀಸೆಲ್ ಕ್ಯಾನನ್ನು ಡೀಸೆಲ್‌ನಿಂದಲೇ ತೊಳೆಯತಕ್ಕದ್ದು. ಅರ್ಧದಿಂದ ಒಂದು ಲೀಟರಿನಷ್ಟು ಶುದ್ಧ ಡೀಸೆಲ್ ಹಾಕಿ, ಮುಚ್ಚಳ ಬಿಗಿದು, ಮೂಲೆಮೂಲೆಗೂ ತಾಗುವಂತೆ ಕುಲುಕಿ, ‘ತೊಳೆದ ತೈಲ’ ಎಂದು ಬರೆದಿಟ್ಟ ಬೇರೆ ಡಬ್ಬಕ್ಕೆ ಬಸಿಯಬೇಕು. ಬಸಿದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ನೋಡಿ, ಕೊಳೆ ಕಾಣುತ್ತಿದ್ದರೆ ಮತ್ತೊಮ್ಮೆ ಅದೇ ಕ್ರಮ. ಹತ್ತಿಯ ಚಿಂದಿಯಿಂದ ಒಳಮೈ ಒರೆಸಬಾರದು. ಅದರ ಎಳೆಗಳೇ ಫಿಲ್ಟರಿಗೆ ಹೊಸ ಕಸವಾಗುತ್ತವೆ. ಕೆಸರು ಅಥವಾ ಉಪ್ಪುನೀರು ಬಿದ್ದು ನೀರಿನಲ್ಲಿ ತೊಳೆಯುವುದು ಅನಿವಾರ್ಯವಾದರೆ ಸೋಪು ಬಳಸದೆ ಸಿಹಿನೀರಿನಲ್ಲಿ ಮಾತ್ರ ತೊಳೆದು, ಬಾಯಿ ಕೆಳಗೆ ಮಾಡಿ ನೆರಳಿನಲ್ಲಿ ಎರಡು ದಿನ ಪೂರ್ಣ ಒಣಗಿಸಿ, ಅನಂತರ ಡೀಸೆಲ್‌ನಿಂದ ಒಮ್ಮೆ ಕುಲುಕಿ ಬಳಸಬಹುದು. ಕೀಟನಾಶಕ, ಆಮ್ಲ ಅಥವಾ ಬಣ್ಣ ತುಂಬಿದ್ದ ಕ್ಯಾನನ್ನು ಎಷ್ಟು ತೊಳೆದರೂ ಇಂಧನಕ್ಕೆ ಬಳಸುವಂತಿಲ್ಲ. ಅಡುಗೆ ಎಣ್ಣೆಯ ಡಬ್ಬಗಳ ವಿಷಯದಲ್ಲಿಯೂ ಉದಾರತೆ ಬೇಡ. ಗೋಡೆಗೆ ಅಂಟಿ ಗಟ್ಟಿಯಾದ ಹಳೆಯ ಎಣ್ಣೆಯನ್ನು ಡೀಸೆಲ್ ನಿಧಾನವಾಗಿ ಕರಗಿಸಿ ಇಂಜಿನ್ನಿಗೆ ಒಯ್ಯುತ್ತದೆ.

ಹಳೆಯ ದೋಣಿಗಳಲ್ಲಿ ಸತು ಲೇಪಿತ ತಗಡಿನ ಡಬ್ಬ, ತಾಮ್ರದ ಕೊಳವೆಗಳು ಈಗಲೂ ಇರಬಹುದು. ಸತುವಿನೊಂದಿಗೆ ಡೀಸೆಲ್‌ನ ಆಮ್ಲೀಯ ಅಂಶ ಸೇರಿ ಸಾಬೂನಿನಂಥ ಜಿಡ್ಡು ಉಂಟಾಗುತ್ತದೆ. ತಾಮ್ರವು ಡೀಸೆಲ್ ಬೇಗ ಕೆಡುವಂತೆ ಮಾಡುತ್ತದೆ. ಇಂಧನಕ್ಕೆಂದೇ ತಯಾರಿಸಿದ ದಪ್ಪ ಪಾಲಿಥೀನ್ ಕ್ಯಾನು ಅಥವಾ ಒಳಗೆ ತುಕ್ಕಿಲ್ಲದ ಉಕ್ಕಿನ ಕ್ಯಾನು ಸೂಕ್ತ. ಪಾಲಿಥೀನ್ ಕ್ಯಾನು ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ಬಿಳಚಿಕೊಂಡು ಗಡುಸಾಗುತ್ತದೆ, ಅಂಚಿನಲ್ಲಿ ಬಿರುಕು ಬಿಡುತ್ತದೆ. ಅಂತಹದನ್ನು ದೋಣಿಗೆ ಒಯ್ಯಬಾರದು.

61 ದಿನಗಳ ಮಳೆ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನಿನ ಸಂತಾನೋತ್ಪತ್ತಿಗೂ ಮೀನುಗಾರರ ಸುರಕ್ಷತೆಗೂ ಈ ನಿಷೇಧ ಅಗತ್ಯವಾದುದು. ಇಂಧನದ ಕ್ಯಾನುಗಳಿಗೆ ಮಾತ್ರ ಇದು ವರ್ಷದ ಅತಿ ಕೆಟ್ಟ ಅವಧಿ. ಕರಾವಳಿಯಲ್ಲಿ ವಾರ್ಷಿಕ ಸರಾಸರಿ 3,000 ಮಿ.ಮೀ. ಮೀರುವ ಮಳೆಯಲ್ಲಿ ದೊಡ್ಡ ಪಾಲು ಬೀಳುವುದು ಇದೇ ಎರಡು ತಿಂಗಳಲ್ಲಿ. ಮೇ ಕೊನೆಗೆ ದೋಣಿ ದಡಕ್ಕೇರಿಸುವಾಗ ಅರ್ಧ ಉಳಿದ ಕ್ಯಾನುಗಳನ್ನು ಶೆಡ್ಡಿನ ಮೂಲೆಯಲ್ಲಿಯೋ ತಾಡಪಾಲಿನ ಅಡಿಯಲ್ಲಿಯೋ ಇಡಲಾಗುತ್ತದೆ.

ಅರ್ಧ ತುಂಬಿದ ಕ್ಯಾನು ಉಸಿರಾಡುತ್ತದೆ. ಹಗಲು ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ರಾತ್ರಿ ತಣಿದಾಗ ತೇವ ತುಂಬಿದ ಗಾಳಿ ಒಳಬರುತ್ತದೆ, ಅದರ ತೇವಾಂಶ ಗೋಡೆಯ ಮೇಲೆ ಹನಿಯಾಗಿ ಇಳಿದು ತಳ ಸೇರುತ್ತದೆ. ಮುಚ್ಚಳದ ರಬ್ಬರ್ ಉಂಗುರ ಸವೆದಿದ್ದರೆ ತೊಂದರೆ ಇನ್ನೂ ಹೆಚ್ಚು. ಹಲವು ಕ್ಯಾನುಗಳಲ್ಲಿ ಮುಚ್ಚಳದ ಸುತ್ತ ತಗ್ಗು ಇರುತ್ತದೆ. ಮಳೆಯಲ್ಲಿ ನೇರವಾಗಿ ನಿಲ್ಲಿಸಿದರೆ ಅಲ್ಲಿ ನೀರು ನಿಲ್ಲುತ್ತದೆ, ಕ್ಯಾನು ತಣಿದಾಗ ಸವೆದ ಉಂಗುರದ ಮೂಲಕ ಆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಅರವತ್ತೊಂದು ದಿನ ಹೀಗೆ ನಡೆದ ಮೇಲೆ ಆಗಸ್ಟ್ ಮೊದಲ ದಿನಗಳಲ್ಲಿ, ಸಮುದ್ರ ಇನ್ನೂ ಪೂರ್ಣ ಶಾಂತವಾಗಿಲ್ಲದಿರುವಾಗ, ಅದೇ ಕ್ಯಾನು ದೋಣಿಗೆ ಏರುತ್ತದೆ.

ಇದಕ್ಕೆ ಪರಿಹಾರ ಸರಳ. ನಿಷೇಧದ ಅವಧಿಗೆ ಡೀಸೆಲ್ ಉಳಿಸದಿರುವುದು ಉತ್ತಮ. ಉಳಿಸಲೇಬೇಕಾದರೆ ಅರ್ಧರ್ಧ ಇರುವ ಕ್ಯಾನುಗಳನ್ನು ಸೇರಿಸಿ ತುಂಬಿದ ಕ್ಯಾನುಗಳನ್ನಾಗಿ ಮಾಡಿ, ಖಾಲಿಯಾದವನ್ನು ಒಣಗಿಸಿ ಮುಚ್ಚಿಡಬೇಕು. ತುಂಬುವಾಗಲೂ ಕಂಠದವರೆಗೆ ತುಂಬಬಾರದು. 35 ಲೀಟರ್ ಡೀಸೆಲ್ 15 ಡಿಗ್ರಿ ಬಿಸಿಯೇರಿದರೆ ಸುಮಾರು 400 ಮಿಲಿಲೀಟರಿನಷ್ಟು ಹಿಗ್ಗುತ್ತದೆ, ಶೇ. 5ರಷ್ಟು ಜಾಗ ಬಿಡುವುದು ಸಾಕಾಗುತ್ತದೆ. ಪ್ರತಿ ಕ್ಯಾನಿನ ಮೇಲೆ ಖರೀದಿಯ ದಿನಾಂಕ ಬರೆದು, ಮೊದಲು ಬಂದದ್ದನ್ನು ಮೊದಲು ಖರ್ಚು ಮಾಡುವ ಪದ್ಧತಿ ಇಟ್ಟುಕೊಳ್ಳಬೇಕು. ದಾಸ್ತಾನು ಪುಸ್ತಕ ಬರೆಯುವ ಅಂಗಡಿಯವರಿಗೆ ಇದು ಹೊಸದಲ್ಲ. ಆಪತ್ಕಾಲದ ಮೀಸಲು ಕ್ಯಾನನ್ನು ವರ್ಷಪೂರ್ತಿ ಮುಟ್ಟದೆ ಇಡುವುದಕ್ಕಿಂತ ಪ್ರತಿ ತಿಂಗಳು ಅದನ್ನು ಖರ್ಚು ಮಾಡಿ ಹೊಸದಾಗಿ ತುಂಬಿಸಿಡುವುದು ಮೀಸಲಿನ ಉದ್ದೇಶಕ್ಕೆ ಹತ್ತಿರವಾದುದು.

ದೋಣಿಯ ಮೇಲೆ

ಕ್ಯಾನಿನಿಂದ ಟ್ಯಾಂಕಿಗೆ ಸುರಿಯುವ ಎರಡು ನಿಮಿಷಗಳಲ್ಲಿ ನಡೆಯುವ ತಪ್ಪುಗಳು ತಿಂಗಳ ಎಚ್ಚರಿಕೆಯನ್ನು ಹಾಳು ಮಾಡಬಲ್ಲವು. ದೂಳು, ಮೀನಿನ ಹುರುಪೆ, ಉಪ್ಪುನೀರಿನ ಸಿಂಚನ ಎಲ್ಲವೂ ಇರುವ ಜಾಗದಲ್ಲಿ ಈ ಕೆಲಸ ನಡೆಯುತ್ತದೆ. ಉಪ್ಪುನೀರು ಸಿಹಿನೀರಿಗಿಂತ ಹೆಚ್ಚು ಅಪಾಯಕಾರಿ. ಇಂಜೆಕ್ಟರಿನ ನುಣುಪಾದ ಲೋಹವನ್ನು ಬಹು ಬೇಗ ತಿನ್ನುತ್ತದೆ. ಸಾಧ್ಯವಿದ್ದಷ್ಟೂ ಧಕ್ಕೆಯಲ್ಲಿಯೇ ತುಂಬಿಸಿಕೊಂಡು ಹೊರಡುವುದು ಲೇಸು. ಸಮುದ್ರದಲ್ಲಿ ಸುರಿಯಲೇಬೇಕಾದಲ್ಲಿ ಮುಚ್ಚಳದ ಸುತ್ತ ಒಣ ಬಟ್ಟೆಯಿಂದ ಒರೆಸಿ ಆಮೇಲೆ ತೆರೆಯಬೇಕು. ಜಾಲರಿಯುಳ್ಳ ಆಲಿಕೆ ಕಸವನ್ನು ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ. ಪಂಚೆ ಅಥವಾ ಟವೆಲಿನಲ್ಲಿ ಸೋಸುವ ರೂಢಿಯೂ ಅಷ್ಟೇ: ಕಣ್ಣಿಗೆ ಸಮಾಧಾನ, ನೀರಿಗೆ ಅಡ್ಡಿಯಿಲ್ಲ.

ನೀರು ಡೀಸೆಲ್‌ಗಿಂತ ಭಾರವಾದುದರಿಂದ ಅಲುಗದೆ ಒಂದು ರಾತ್ರಿ ಇಟ್ಟ ಕ್ಯಾನಿನಲ್ಲಿ ಅದು ತಾನಾಗಿಯೇ ತಳಕ್ಕಿಳಿಯುತ್ತದೆ. ಆಗ ಕ್ಯಾನನ್ನು ಬಗ್ಗಿಸಿ ಪೂರ್ತಿ ಸುರಿಯದೆ ಕೈಪಂಪಿನಿಂದ ಮೇಲಿನ ತೈಲವನ್ನು ತೆಗೆದು, ಕೊನೆಯ ಎರಡು ಬೆರಳಿನಷ್ಟನ್ನು ಬಿಡಬೇಕು. ಕೊಳವೆಯನ್ನು ಬಾಯಿಯಿಂದ ಎಳೆಯುವುದು ಸರ್ವಥಾ ಕೂಡದು. ಡೀಸೆಲ್ ಹೊಟ್ಟೆಗೆ ಹೋಗುವುದಕ್ಕಿಂತ ಶ್ವಾಸಕೋಶಕ್ಕೆ ಹೋಗುವುದು ಅಪಾಯ. ಹಾಗಾದಲ್ಲಿ ವಾಂತಿ ಮಾಡಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬಿಟ್ಟ ಎರಡು ಬೆರಳಿನ ತೈಲವನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆ ನಿಲ್ಲಿಸಿದರೆ ಕ್ಯಾನಿನ ಸ್ಥಿತಿ ಏನೆಂಬುದು ಯಾವ ಉಪಕರಣವೂ ಇಲ್ಲದೆ ಕಣ್ಣಿಗೆ ಕಾಣುತ್ತದೆ. ತಿಳಿಯಾಗಿದ್ದರೆ ಅದನ್ನೂ ಬಳಸಬಹುದು.

ದೋಣಿಯಲ್ಲಿ ಅಡುಗೆಯೂ ನಡೆಯುವುದರಿಂದ ಕ್ಯಾನುಗಳನ್ನು ಒಲೆಯಿಂದಲೂ ಇಂಜಿನ್ನಿನ ಬಿಸಿಯಿಂದಲೂ ದೂರ, ನೆರಳಿನಲ್ಲಿ, ಅಲುಗದಂತೆ ಕಟ್ಟಿಡಬೇಕು. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಕ್ಯಾನುಗಳಿಗೆ ಬೇರೆಬೇರೆ ಬಣ್ಣ ಹಾಗೂ ಕನ್ನಡದಲ್ಲಿ ದೊಡ್ಡಕ್ಷರದ ಹೆಸರು ಇರಲಿ. ಪೆಟ್ರೋಲ್ ಇದ್ದ ಕ್ಯಾನಿಗೆ ಡೀಸೆಲ್ ತುಂಬಿದರೆ ಅಲ್ಪ ಪ್ರಮಾಣದ ಪೆಟ್ರೋಲ್ ಕೂಡ ಇಡೀ ತೈಲವು ಬೇಗ ಹೊತ್ತಿಕೊಳ್ಳುವಂತೆ ಮಾಡುತ್ತದೆ. ಸೀಮೆಎಣ್ಣೆಯಿಂದ ಪೆಟ್ರೋಲ್ ಇಂಜಿನ್ನಿಗೆ ಬದಲಾದವರಿಗೆ ನೀರಿನ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಈಗ ಮಾರಾಟವಾಗುವ ಪೆಟ್ರೋಲ್‌ನಲ್ಲಿ ಎಥನಾಲ್ ಬೆರೆತಿರುತ್ತದೆ; ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಜೊತೆಯಾಗಿ ಬೇರ್ಪಟ್ಟು ತಳಕ್ಕೆ ಕೂರುತ್ತವೆ.

ದೂರು ನೀಡುವ ಮುನ್ನ

ಖರೀದಿಸಿದ ಡೀಸೆಲ್‌ನಲ್ಲಿಯೇ ನೀರಿತ್ತು ಎಂಬ ಅನುಮಾನ ಸಾರ್ವಜನಿಕರಿಗೆ ಬರುವುದು ಸಹಜ. ಕೆಲವೊಮ್ಮೆ ಅದು ನಿಜವೂ ಆಗಿರಬಹುದು. ಬಂಕಿನಲ್ಲಿ ಡೀಸೆಲ್‌ನ ಸಾಂದ್ರತೆಯನ್ನು ಪರೀಕ್ಷಿಸಿ ತೋರಿಸುವಂತೆಯೂ 5 ಲೀಟರಿನ ಅಧಿಕೃತ ಅಳತೆಯಲ್ಲಿ ಪ್ರಮಾಣ ತೋರಿಸುವಂತೆಯೂ ಕೇಳುವ ಹಕ್ಕು ಗ್ರಾಹಕರಿಗಿದೆ. 15 ಡಿಗ್ರಿ ಉಷ್ಣಾಂಶಕ್ಕೆ ಪರಿವರ್ತಿಸಿದ ಸಾಂದ್ರತೆಯು ದಾಖಲಾದ ಸಾಂದ್ರತೆಗಿಂತ ಪ್ರತಿ ಘನ ಮೀಟರಿಗೆ 3 ಕಿಲೋಗ್ರಾಂಗೂ ಹೆಚ್ಚು ಏರುಪೇರಾಗಬಾರದು. ಈ ಪರೀಕ್ಷೆ ನಡೆಯಬೇಕಾದದ್ದು ನಳಿಕೆಯ ಬಳಿ, ಖರೀದಿಯ ಸಮಯದಲ್ಲಿ. ಮೂರು ದಿನಗಳ ನಂತರ ಹಳೆಯ ಕ್ಯಾನಿನಲ್ಲಿ ನೀರನ್ನು ತೋರಿಸಿ ದೂರಿದರೆ ಆ ನೀರು ಎಲ್ಲಿಯದೆಂದು ರುಜುವಾತುಪಡಿಸುವುದು ಬಹುತೇಕ ಅಸಾಧ್ಯ. ಶುಚಿಯಾದ ಕ್ಯಾನು, ದಿನಾಂಕದ ಚೀಟಿ ಮತ್ತು ಬಿಲ್ಲು ಮೂರೂ ಇದ್ದವರ ದೂರಿಗೆ ಇರುವ ಬಲ ಬೇರೆ.

ಡೀಸೆಲ್ ಸಂಗ್ರಹದ ಬಗ್ಗೆ ಯಡಿಯೂರು, ಜಯನಗರ, ಬನಶಂಕರಿ ಮೊದಲಾದ ಬಡಾವಣೆಗಳ ನಿವಾಸಿ ಸಂಘಗಳೂ ಗಮನಿಸಬೇಕಾದ ಕಾನೂನಿನ ಅಂಶವೊಂದಿದೆ. ಪೆಟ್ರೋಲಿಯಂ ಕಾಯ್ದೆ, 1934ರ ಪ್ರಕಾರ ಡೀಸೆಲ್ ‘ಬಿ’ ವರ್ಗಕ್ಕೆ ಸೇರುತ್ತದೆ. ಒಂದು ಸ್ಥಳದಲ್ಲಿ ಒಟ್ಟು 2,500 ಲೀಟರ್ ಮೀರದಂತೆ, ಯಾವ ಒಂದು ಪಾತ್ರೆಯೂ 1,000 ಲೀಟರ್ ಮೀರದಂತೆ ಇಟ್ಟುಕೊಳ್ಳಲು ಸದರಿ ಕಾಯ್ದೆಯಡಿ ಪರವಾನಗಿ ಬೇಕಾಗುವುದಿಲ್ಲ. ‘ಎ’ ವರ್ಗದ ಪೆಟ್ರೋಲಿಗೆ, ಮಾರಾಟಕ್ಕಲ್ಲದೆ ಇಟ್ಟುಕೊಳ್ಳುವ ಸಂದರ್ಭದಲ್ಲಿ, ಈ ಮಿತಿ ಕೇವಲ 30 ಲೀಟರ್. ಪರವಾನಗಿ ಬೇಡ ಎಂದ ಮಾತ್ರಕ್ಕೆ ಎಚ್ಚರಿಕೆ ಬೇಡ ಎಂದಲ್ಲ. ನೆಲಮಾಳಿಗೆಯಲ್ಲಿ ಮಳೆನೀರು ನುಗ್ಗುವ ಕಟ್ಟಡಗಳಲ್ಲಿ ಕ್ಯಾನುಗಳನ್ನು ನೆಲದ ಮೇಲಿಡುವುದು, ದೋಣಿಯ ತಳದಲ್ಲಿ ನಿಂತ ನೀರಿನಲ್ಲಿ ಇಡುವುದು, ಎರಡೂ ಒಂದೇ.

ತೊಳೆದು ಬಸಿದ ತೈಲವನ್ನು ಎಲ್ಲಿ ಹಾಕಬೇಕೆಂಬ ಪ್ರಶ್ನೆ ಎರಡೂ ಊರುಗಳಲ್ಲಿ ಏಳುತ್ತದೆ. ಬಂದರಿನಲ್ಲಿ ಅದು ಧಕ್ಕೆಯ ನೀರಿಗೆ ಬೀಳುತ್ತದೆ, ನಗರದಲ್ಲಿ ಮಳೆನೀರಿನ ಚರಂಡಿಗೆ. ಚರಂಡಿಗೆ ಬಿದ್ದದ್ದು ಮಳೆಯೊಂದಿಗೆ ಕೆರೆ, ಕಾಲುವೆಗಳತ್ತ ಸಾಗುತ್ತದೆ. ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆ, 1974ರ 24ನೆಯ ಕಲಮಿನನ್ವಯ ಮಾಲಿನ್ಯಕಾರಕ ವಸ್ತುಗಳನ್ನು ಹೊಳೆ, ಬಾವಿ ಹಾಗೂ ಚರಂಡಿಗಳಿಗೆ ಬಿಡುವುದನ್ನು ನಿಷೇಧಿಸಲಾಗಿದೆ. ಬಸಿದ ತೈಲವನ್ನು ಒಂದೇ ಡಬ್ಬದಲ್ಲಿ ಕೂಡಿಡುತ್ತ ಹೋದರೆ ಕೆಲವು ದಿನಗಳಲ್ಲಿ ನೀರು ಮತ್ತು ಕೆಸರು ಕೆಳಗೆ ಕುಳಿತು ಮೇಲಿನ ತೈಲ ತಿಳಿಯಾಗುತ್ತದೆ. ಅದನ್ನು ಲೋಹದ ಬಿಡಿಭಾಗಗಳನ್ನು ತೊಳೆಯಲು ಬಳಸಬಹುದು. ಉಳಿದದ್ದನ್ನು ಬಳಸಿದ ಇಂಜಿನ್ ಆಯಿಲ್ ಸಂಗ್ರಹಿಸುವ ಅಧಿಕೃತ ಮರುಬಳಕೆದಾರರಿಗೆ ಗ್ಯಾರೇಜುಗಳ ಮೂಲಕ ತಲುಪಿಸಬೇಕು.

ಜುಲೈ ಕೊನೆಯ ವಾರದಲ್ಲಿ ಬಲೆ ಹೆಣೆಯುವ, ಬಣ್ಣ ಬಳಿಯುವ ಕೆಲಸಗಳ ಜೊತೆಗೆ ಕ್ಯಾನುಗಳ ಮುಚ್ಚಳದ ಉಂಗುರ, ಬಿರುಕು ಮತ್ತು ತಳದ ತೈಲವನ್ನು ಪರಿಶೀಲಿಸಿಕೊಳ್ಳುವಂತೆ ದೋಣಿ ಮಾಲೀಕರಿಗೆ ಹಾಗೂ ತಾಂಡೇಲರಿಗೆ ತಿಳಿಸಲಾಗಿದೆ. ಸಮುದ್ರದಲ್ಲಿ ಇಂಜಿನ್ ನಿಂತು ದೋಣಿ ಅಪಾಯಕ್ಕೆ ಸಿಲುಕಿದಲ್ಲಿ ಭಾರತೀಯ ತಟರಕ್ಷಣಾ ಪಡೆಯ ಶುಲ್ಕರಹಿತ ದೂರವಾಣಿ 1554 ಹಾಗೂ ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳಿಗೆ ಕರೆ ಮಾಡಬಹುದಾಗಿದೆ. ಕರೆ ಮಾಡುವಾಗ ದೋಣಿಯ ನೋಂದಣಿ ಸಂಖ್ಯೆ, ಅದರಲ್ಲಿರುವವರ ಸಂಖ್ಯೆ ಮತ್ತು ಜಿ.ಪಿ.ಎಸ್. ತೋರಿಸುವ ಸ್ಥಾನವನ್ನು ಮೊದಲು ತಿಳಿಸತಕ್ಕದ್ದು.